ತೊಟ್ಟಿಲಿಗೆ ಇಟ್ಟ ಬೆಲೆ

ಬೆಳಿಗ್ಗೆ ತನ್ನ ಜೆರಾಕ್ಸ್ ಸೆಂಟರಿನ ಶಟರ್ ಎತ್ತಿದಾಗಿನಿಂದ ಅದೆಷ್ಟನೆಯ ಸಲವೋ, ಸರಳಾ ಮತ್ತೆ ಆ ಪುಟ ತೆರೆದಳು. ತೊಟ್ಟಿಲು ಅಲ್ಲೇ ಇತ್ತು. ಎಲ್ಲಿಗೆ ಹೋದೀತು, ಫೋಟೋ ತಾನೆ. ಪಕ್ಕದಲ್ಲಿ ಈವರೆಗೆ ಕೂಗಿದ ಮೊತ್ತ, ಅದರ ಕೆಳಗೆ ರಿಸರ್ವ್ ಬೆಲೆ ಇನ್ನೂ ಮುಟ್ಟಿಲ್ಲವೆಂದು ಹೇಳುವ ಕೆಂಪು ಸಾಲು. ಸಾಯಂಕಾಲ ಐದಕ್ಕೆ ಹರಾಜು ಮುಗಿಯುತ್ತದೆ. ಆ ಕೆಂಪು ಸಾಲು ಇರುವ ತನಕ ಯಾರು ಎಷ್ಟು ಕೂಗಿದರೂ ತೊಟ್ಟಿಲು ಮನೆಯ ಹೊಸಿಲು ದಾಟುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಮತ್ತೆ ನೋಡುತ್ತಿದ್ದಳು. "ಮೇಡಂ, ಎರಡು ಸೈಡೂ ಜೆರಾಕ್ಸ್ ಬೇಕು ಅಂದಿದ್ನಲ್ಲಾ" ಎಂದು ಕೌಂಟರಿನ ಆಚೆಯಿಂದ ಯಾರೋ ರೇಷನ್ ಕಾರ್ಡು ಅಲ್ಲಾಡಿಸಿದಾಗ ಅವಳು ಬೆಚ್ಚಿ ಪುಟವನ್ನು ಮುಚ್ಚಿದಳು. ಮೇಲೆ ಏರ್‌ಫೋರ್ಸಿನ ತರಬೇತಿ ವಿಮಾನವೊಂದು ಯಲಹಂಕದ ತಾರಸಿಗಳನ್ನು ನಡುಗಿಸುತ್ತಾ ಹೋಯಿತು. ಈ ಊರಿನವರು ಯಾರೂ ತಲೆ ಎತ್ತಿ ನೋಡುವುದಿಲ್ಲ, ಅವಳೂ ನೋಡಲಿಲ್ಲ.

ರಿಸರ್ವ್ ಎಂದರೆ ಏನೆಂದು ಅವಳಿಗೆ ಹೇಳಿಕೊಟ್ಟವನು ಹಳೆಯ ನಾಣ್ಯ ಮಾರುವ ಗಿರಾಕಿಯೊಬ್ಬ. ಇಂಟರ್ನೆಟ್ಟಿನ ಹರಾಜಿನಲ್ಲಿ ವಸ್ತು ಇಡುವಾಗ ಇದಕ್ಕಿಂತ ಕಮ್ಮಿಗೆ ನಾನು ಕೊಡುವುದಿಲ್ಲ ಎಂಬ ಬೆಲೆಯನ್ನು ಸೈಟಿನ ಕಿವಿಯಲ್ಲಿ ಮಾತ್ರ ಹೇಳಿಡಬಹುದು. ಕೂಗುವವರಿಗೆ ಅದು ಕಾಣುವುದಿಲ್ಲ. ಅವರು ಕತ್ತಲಲ್ಲಿ ಕೈಯಾಡಿಸಿದ ಹಾಗೆ ಕೂಗುತ್ತಾ ಹೋಗಬೇಕು. ಆ ಬೆಲೆ ಮುಟ್ಟಿದರೆ ಮಾರಾಟ, ಮುಟ್ಟದಿದ್ದರೆ ವಸ್ತು ಯಜಮಾನನ ಹತ್ತಿರವೇ ಉಳಿಯಿತು. "ಜಾಸ್ತಿ ಇಟ್ರೆ ಯಾರೂ ತಗೊಳಲ್ಲ ಮೇಡಂ, ಕಮ್ಮಿ ಇಟ್ರೆ ಹೊಟ್ಟೆ ಉರಿಯುತ್ತೆ. ನ್ಯಾಯವಾಗಿ ಎಷ್ಟು ಬರುತ್ತೋ ಅಷ್ಟಿಡಿ" ಎಂದಿದ್ದ ಪುಣ್ಯಾತ್ಮ. ಸರಳಾ ತಲೆಯಾಡಿಸಿ, ಅವನು ಹೋದ ಮೇಲೆ ಖಾಲಿ ಜಾಗದಲ್ಲಿ ಒಂದು ಲಕ್ಷ ಎಂದು ತುಂಬಿದಳು. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದಳು. ಹಲಸಿನ ಮರದ ಹಳೆಯ ತೊಟ್ಟಿಲಿಗೆ ಲಕ್ಷ ಕೊಡುವಷ್ಟು ತಲೆಕೆಟ್ಟವರು ಈ ಭೂಮಿ ಮೇಲಿಲ್ಲ ಎಂಬುದು ಅವಳಿಗೂ ಗೊತ್ತು. ಅವಳಿಗೇನೂ ತಲೆ ಕೆಟ್ಟಿರಲಿಲ್ಲ. ಅವಳಿಗೆ ತೊಟ್ಟಿಲು ಕೊಡಬೇಕಾಗಿರಲಿಲ್ಲ, ಯಾರಾದರೂ ಬಂದು ತೊಟ್ಟಿಲು ಕೇಳಬೇಕಾಗಿತ್ತು. ಈ ಎರಡರ ನಡುವಿನ ವ್ಯತ್ಯಾಸ ಆ ನಾಣ್ಯದವನಿಗೆ ಹೇಳುವುದು ಹೇಗೆ?

ಸರಳಾ ಸೊಸೆಯಾಗಿ ಬಂದ ಪುಟ್ಟೇನಹಳ್ಳಿಯ ಮನೆತನದಲ್ಲಿ ತೊಟ್ಟಿಲನ್ನು ಕೇಳಿಯೇ ಪಡೆಯಬೇಕು. ಗಂಡ ವಾಸುವಿನ ತಾತ ಪಿಳ್ಳಣ್ಣ ಮಾಡಿಸಿದ್ದು. ನಾಲ್ಕು ಕಾಲಿಗೂ ಅರಗಿನ ಬಣ್ಣದ ಗುಂಡು, ಮೇಲೆ ತೂಗುಬಿಟ್ಟ ಮರದ ಗಿಣಿಗಳು, ಹಿತ್ತಾಳೆಯ ಸರಪಳಿ. ಯಾವ ಮನೆಯಲ್ಲಿ ಕೂಸು ಹುಟ್ಟಿತೋ ಆ ಮನೆಯ ಹೆಂಗಸರು ನಾಮಕರಣಕ್ಕೆ ಮುಂಚೆ ಅರಿಶಿನ ಕುಂಕುಮ ಹಿಡಿದು, ತೊಟ್ಟಿಲು ಇರುವ ಮನೆಗೆ ಬಂದು, "ನಮ್ಮ ಕೂಸಿಗೆ ತೊಟ್ಲು ಕೊಡ್ರಮ್ಮಾ" ಎಂದು ಬಾಯಿಬಿಟ್ಟು ಕೇಳಬೇಕು. ಆಗ ಈ ಮನೆಯವರು ಅದರೊಳಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಕಳಿಸಬೇಕು. ಬರಿದಾಗಿ ಕಳಿಸುವ ಹಾಗಿಲ್ಲ, ಕೇಳದೆ ಕಳಿಸುವ ಹಾಗಂತೂ ಇಲ್ಲವೇ ಇಲ್ಲ. ಹಾಗೆ ಮನೆಯಿಂದ ಮನೆಗೆ ನಡೆದು ಬಂದ ತೊಟ್ಟಿಲು ಸರಳಾಳ ಮನೆಗೆ ಬಂದು ನಿಂತಿತು. ತಪ್ಪು ಅವಳದೇ. ಆಗ ಓರಗಿತ್ತಿ ಧನಲಕ್ಷ್ಮಿಯ ಮನೆಗೆ ಸುಣ್ಣ ಬಣ್ಣ ನಡೆಯುತ್ತಿತ್ತು, ತೊಟ್ಟಿಲು ಅಂಗಳದಲ್ಲಿ ಬಿಸಿಲಿಗೆ ಬಿದ್ದಿತ್ತು. ಏಳು ತಿಂಗಳ ಬಸುರಿ ಸರಳಾ ಅದನ್ನು ನೋಡಿ ತಡೆಯಲಾರದೆ, "ಅಕ್ಕಾ, ಹೆಂಗಿದ್ರೂ ಇನ್ನು ನಂಗೇ ತಾನೆ, ಈಗ್ಲೇ ತಗೊಂಡೋಗ್ಲಾ?" ಎಂದು ನಗುತ್ತಾ ಕೇಳಿದ್ದಳು. ಕೂಸು ಹುಟ್ಟುವುದಕ್ಕೆ ಮುಂಚೆ ಯಾರೂ ಕೇಳುವುದಿಲ್ಲ. ಧನಲಕ್ಷ್ಮಿಯೂ ನಗುತ್ತಲೇ ಕೊಟ್ಟಿದ್ದಳು. ಆಮೇಲೆ ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊಟ್ಟೆಯೊಳಗಿನ ಕೂಸು ಮಿಸುಕಾಡುವುದು ನಿಂತಿತು. ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿಕೊಂಡು ಹೋದವನು ವಾಸು. ಎಲ್ಲಿ ಮಣ್ಣು ಮಾಡಿದರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅತ್ತೆ ಮುನಿಶಾಮಮ್ಮ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ್ದ ಸೊಸೆಗೆ ಕೇಳುವ ಹಾಗೆ, "ಮುಂಚೇನೇ ತೊಟ್ಲು ತಂದ್ರೆ ಇಂಗೇ ಆಗೋದು" ಎಂದರು. ಅತ್ತೆ ಈಗಿಲ್ಲ. ಆ ಮಾತು ಇದೆ.

ಅದಾದ ಮೇಲೆ ಆ ಬಳಗದಲ್ಲಿ ಕೂಸುಗಳು ಹುಟ್ಟುವುದೇನೂ ನಿಲ್ಲಲಿಲ್ಲ. ಸರಳಾಳ ಮನೆ ಬಾಗಿಲಿಗೆ ಅರಿಶಿನ ಕುಂಕುಮ ಹಿಡಿದು ಬರುವುದು ನಿಂತಿತು. ಮೊದಲ ಸಲ ಯಾರೋ ಬಾಡಿಗೆಗೆ ತಂದರು. ಆಮೇಲೆ ಸ್ಟೀಲಿನ ತೊಟ್ಟಿಲು ಬಂತು, ಆಮೇಲೆ ಸ್ಪ್ರಿಂಗಿಗೆ ಸೀರೆ ಕಟ್ಟುವುದು ಬಂತು. ಅವಳು ಪ್ರತಿ ನಾಮಕರಣಕ್ಕೂ ಹೋದಳು, ಹೋಗದಿದ್ದರೆ ಹೊಟ್ಟೆಕಿಚ್ಚು ಎಂದಾರು. ತೊಟ್ಟಿಲ ಶಾಸ್ತ್ರಕ್ಕೆ ಹೆಂಗಸರೆಲ್ಲ ಸುತ್ತ ನಿಲ್ಲುವ ಹೊತ್ತಿಗೆ ಸರಿಯಾಗಿ ಯಾರಾದರೂ, "ಸರಳಾ, ಒಂಚೂರು ಅಡುಗೆಮನೆ ಕಡೆ ನೋಡ್ಕೊಳೆ, ಪಾಯಸ ತಳ ಹಿಡಿಯುತ್ತೆ" ಎನ್ನುತ್ತಿದ್ದರು. ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ! ಅವಳು ಪಾಯಸದ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತು, ಆಚೆಯಿಂದ ಬರುವ ಜೋಗುಳ ಕೇಳುತ್ತಾ ತಿರುವುತ್ತಿದ್ದಳು. ಒಂದು ಸಲವೂ ತಳ ಹಿಡಿಸಲಿಲ್ಲ.

"ಹಳೇ ತೊಟ್ಲು ಮಾರಿಬಿಡೋಣ್ವಾ?" ಎಂದು ಹೋದ ತಿಂಗಳು ಕೇಳಿದಾಗ ವಾಸು ತಟ್ಟೆಯಿಂದ ಮುಖ ಎತ್ತದೆ "ನಿನ್ನಿಷ್ಟ" ಎಂದಿದ್ದ. ಪೀಣ್ಯದ ಕಾರ್ಖಾನೆಯ ಸದ್ದಿನಲ್ಲಿ ದಿನವಿಡೀ ನಿಂತು ಬರುವ ಮನುಷ್ಯನಿಗೆ ಮನೆಯಲ್ಲಿ ಮಾತು ಬೇಕಾಗುವುದಿಲ್ಲ ಎಂದು ಅವಳು ಎಂದೋ ತೀರ್ಮಾನಿಸಿ ಆಗಿತ್ತು. ಅಂತೂ ಇವರಿಗೂ ಪೀಡೆ ತೊಲಗಿದರೆ ಸಾಕಾಗಿದೆ ಎಂದುಕೊಂಡು ಅವಳ ಎದೆ ಕಹಿಯಾಯಿತು. ಭಾನುವಾರ ಫೋಟೋ ತೆಗೆಯಲು ಅವನೇ ಅಟ್ಟ ಹತ್ತಿ ತೊಟ್ಟಿಲು ಇಳಿಸಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ, ನಡುಮನೆಯ ಕೊಂಡಿಗೆ ತೂಗುಹಾಕಿದ. ಕೈಬಿಟ್ಟೊಡನೆ ಅದು ತಾನಾಗಿ ತೂಗತೊಡಗಿತು. ಬರೀ ತೊಟ್ಟಿಲು ತೂಗಬಾರದು. ವಾಸು ಎರಡೂ ಕೈಯಿಂದ ಗಬಕ್ಕನೆ ಹಿಡಿದು ನಿಲ್ಲಿಸಿದ. ನಿಂತ ಮೇಲೂ ಕೈ ತೆಗೆಯಲಿಲ್ಲ. "ಕೈ ತೆಗೀರಿ, ಫೋಟೋದಲ್ಲಿ ಬರುತ್ತೆ" ಎಂದಳು ಸರಳಾ. ಅವನು ತೆಗೆದ.

ಫೋಟೋ ಹಾಕಿದ ಮೇಲೆ ನಡೆದದ್ದು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು. ಯಾರ್ಯಾರೋ ಕೇಳಿದರು. ಹೆಬ್ಬಾಳದ ಹೋಟೆಲಿನವನೊಬ್ಬ ಅದರಲ್ಲಿ ಹೂಕುಂಡ ಇಡುವುದಕ್ಕೆ ಆಗುತ್ತದಾ ಎಂದು ಕೇಳಿದ. ಇನ್ನೊಬ್ಬ ಗಾಜು ಹಾಕಿ ಟೀಪಾಯಿ ಮಾಡಿಸುತ್ತೇನೆ ಎಂದ. ಅವಳು ಪ್ರತಿಯೊಬ್ಬರಿಗೂ ಕೂತು ಉತ್ತರ ಬರೆದಳು, ಗಿಣಿಗಳ ಬಣ್ಣ, ಸರಪಳಿಯ ತೂಕ, ಯಾವ ಮರ ಎಲ್ಲವನ್ನೂ. ಹೂಕುಂಡದವನಿಗೂ ಬರೆದಳು, ಬೈದುಕೊಳ್ಳುತ್ತಾ. ಆದರೆ ಆರ್.ಟಿ. ನಗರದ ಜೈನಾಬ್ ಬರೆದದ್ದು ಬೇರೆ ತರಹ. "ನನಗೆ ಈಗ ಏಳು ತಿಂಗಳು. ನೋಡೋಕೆ ಬರಬಹುದಾ ಅಕ್ಕಾ?" ಎಂದಿತ್ತು. ಅಕ್ಕ ಎಂಬ ಆ ಒಂದು ಮಾತಿಗೆ ಸರಳಾ ತನ್ನ ವಿಳಾಸ, ಬಸ್ ನಂಬರು, ಕೆರೆ ಪಕ್ಕದ ತಿರುವು ಎಲ್ಲ ಬರೆದು ಕಳಿಸಿದಳು.

ಜೈನಾಬ್ ತಾಯಿಯನ್ನು ಕರೆದುಕೊಂಡು ಬಂದಳು. ಇನ್ನೂ ಹುಡುಗಿ, ಕೆನ್ನೆ ತುಂಬ ಬೆವರು. ತೊಟ್ಟಿಲನ್ನು ನೋಡಿದ ಕೂಡಲೇ ಕೆಳಗೆ ಕೂತು, ಕಷ್ಟಪಟ್ಟು ಕೂತು, ಅದರ ಅಂಚನ್ನು ಬೆರಳಿನಿಂದ ಸವರಿದಳು. ಹೊರಗೆ ಹೇಳಿಕೊಳ್ಳುವಂಥ ಏನೂ ಅಲ್ಲ ಅದು, ಆದರೆ ಸರಳಾ ಆ ಬೆರಳನ್ನೇ ನೋಡುತ್ತಾ ನಿಂತಳು. ಈ ಮನೆಯಲ್ಲಿ ಯಾರೂ ಆ ತೊಟ್ಟಿಲನ್ನು ಹಾಗೆ ಮುಟ್ಟಿರಲಿಲ್ಲ. ತಾಯಿ ಮಾತ್ರ ಎಲ್ಲ ಕಡೆಯ ತಾಯಂದಿರ ಹಾಗೆ ಕಣ್ಣು ಕಿರಿದು ಮಾಡಿ, "ಇದ್ರಲ್ಲಿ ಕೊನೇಗೆ ಮಲಗಿದ್ದು ಯಾರ ಮಗು ಅಮ್ಮಾ?" ಎಂದು ಕೇಳಿದರು. ಆಗಲೇ ಹೇಳಬಹುದಿತ್ತು. ಓರಗಿತ್ತಿಯ ಮಗ ಸುನೀಲ್ ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಜೈನಾಬ್ ಮುಖ ಎತ್ತಿ, ಕಣ್ಣರಳಿಸಿ ನೋಡುತ್ತಿದ್ದಳು. ಸರಳಾಳ ಬಾಯಿಂದ ಬಂದದ್ದು, "ನನ್ನ ಮಗನೇ. ಈಗ ಏಳನೇ ಕ್ಲಾಸು." ಅಷ್ಟಕ್ಕೇ ನಿಲ್ಲಿಸಬಾರದೆ? "ತುಂಬಾ ತುಂಟ. ಸ್ಕೂಲಿಗೆ ಹೋಗಿದಾನೆ" ಎಂದೂ ಸೇರಿಸಿದಳು. ತಾಯಿಯ ಮುಖ ಅರಳಿತು. "ಅಲ್ಲಾ ಚೆನ್ನಾಗಿಟ್ಟಿರಲಿ" ಎಂದು ಗಾಳಿಯಲ್ಲೇ ಆ ಇಲ್ಲದ ಹುಡುಗನ ತಲೆ ಸವರಿ ನೆಟಿಗೆ ಮುರಿದರು. ಅವರು ಹೋದ ಮೇಲೆ ಸರಳಾ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ನಾಚಿಕೆಯಾಗಿದ್ದು ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದು ಹೇಳಿಕೊಳ್ಳಬಾರದ್ದು: ಸ್ಕೂಲಿಗೆ ಹೋಗಿದಾನೆ ಎಂದ ಆ ಗಳಿಗೆ ಅವಳಿಗೆ ಸುಖವಾಗಿತ್ತು.

ಇವತ್ತು ಊಟದ ಹೊತ್ತಿಗೆ ಕೂಗು ಏರತೊಡಗಿತು. ಹೂಕುಂಡದವನು, ಟೀಪಾಯಿಯವನು ಆಗಲೇ ಜಾಗ ಖಾಲಿ ಮಾಡಿದ್ದರು. ಉಳಿದವರು ಇಬ್ಬರೇ. ಒಬ್ಬಳು ಜೈನಾಬ್. ಇನ್ನೊಬ್ಬರು ಯಾರೋ, ಹೆಸರಿನ ಬದಲು ಅಕ್ಷರ ಅಂಕಿ ಕಲಸಿದ ಗುರುತು ಮಾತ್ರ. ಜೈನಾಬ್ ಐನೂರು ಏರಿಸಿದರೆ ಆ ಕಡೆಯವರು ಮರುಗಳಿಗೆಯಲ್ಲೇ ಸಾವಿರ ಏರಿಸುತ್ತಿದ್ದರು. ಸರಳಾ ತುತ್ತು ಕೈಯಲ್ಲೇ ಹಿಡಿದು ಪರದೆ ನೋಡುತ್ತಿದ್ದಳು, ಚಿತ್ರಾನ್ನದ ಎಣ್ಣೆ ಬೆರಳಲ್ಲಿ ಒಣಗಿತು. ಮೊಬೈಲು ಗುಂಯ್ಗುಟ್ಟಿತು. "ಅಕ್ಕಾ, ರಿಸರ್ವ್ ಎಷ್ಟು ಅಂತ ಒಂದು ಮಾತು ಹೇಳಿಬಿಡಿ ಪ್ಲೀಸ್," ಜೈನಾಬಳ ದನಿ. "ನಮ್ಮನೆಯವ್ರು ಹತ್ತು ಸಾವಿರಕ್ಕಿಂತ ಮೇಲೆ ಬೇಡ ಅಂತಿದಾರೆ. ಸುಮ್ನೆ ಆಸೆ ಇಟ್ಕೊಂಡು ಕೂತ್ಕೊಳೋದು ಯಾಕೆ? ನಂಗೆ ನಿಮ್ಮ ಮಗ ಮಲಗಿದ್ದ ತೊಟ್ಲೇ ಬೇಕು ಅನಿಸ್ಬಿಟ್ಟಿದೆ." ಸರಳಾ, "ನೋಡ್ತೀನಮ್ಮ, ಗಿರಾಕಿ ಬಂದಿದಾರೆ" ಎಂದು ಇಟ್ಟುಬಿಟ್ಟಳು. ಸೆಂಟರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ರಿಸರ್ವನ್ನು ಈಗಲೂ ಇಳಿಸಬಹುದಿತ್ತು, ಇಟ್ಟವರಿಗೆ ಆ ಅವಕಾಶವಿದೆ. ಹತ್ತಕ್ಕೆ ಇಳಿಸಿದರೆ, ಆ ಇನ್ನೊಬ್ಬ ಸುಮ್ಮನಾದರೆ, ತೊಟ್ಟಿಲು ಆ ಹುಡುಗಿಗೆ. ಏಳನೇ ತಿಂಗಳಲ್ಲಿ. ಕೂಸು ಹುಟ್ಟುವುದಕ್ಕೆ ಮುಂಚೆ. ಅವಳು ಮೌಸಿನಿಂದ ಕೈ ತೆಗೆದಳು. ಅವರಲ್ಲಿ ಆ ಶಾಸ್ತ್ರ ಇರಲಿಕ್ಕಿಲ್ಲ, ಇದ್ದರೂ ಎಲ್ಲ ಮೂಢನಂಬಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ.

ಧನಲಕ್ಷ್ಮಿ ಬಂದದ್ದು ಆಗ. ಓರಗಿತ್ತಿ ಎರಡು ಬೀದಿ ಆಚೆಯೇ ಇದ್ದರೂ ಸೆಂಟರಿಗೆ ಎಂದೂ ಕಾಲಿಟ್ಟವಳಲ್ಲ. ಒಳಗೆ ಬಂದವಳೇ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಏನೇ ಸರಳಾ, ಮನೆ ತೊಟ್ಲು ಸವಾಲಿಗೆ ಇಟ್ಟಿದೀಯಂತೆ? ಸುನೀಲ ಫೋನಲ್ಲಿ ತೋರಿಸ್ದ. ನಂಗೆ ಕಾಲ್ಕೆಳಗಿನ ನೆಲಾನೇ ಹೋದಂಗಾಯ್ತು ಕಣೆ."

"ಯಾರೂ ಕೇಳ್ತಿರಲಿಲ್ವಲ್ಲಕ್ಕಾ," ಎಂದಳು ಸರಳಾ. ಇಷ್ಟು ವರ್ಷ ನಾಲಿಗೆ ತುದಿಯಲ್ಲಿದ್ದ ಮಾತು ಹೊರಬಿದ್ದಾಗ ಎಷ್ಟು ಸಣ್ಣದಾಗಿ ಕೇಳಿಸಿತು!

"ಕೇಳ್ಲಿಲ್ಲ ಅಂತ ಬೀದೀಲಿಡೋದಾ? ತಾತನ ಕಾಲದ್ದು. ಕಂಡೋರ ಮನೆ ಸೇರಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು ಹೇಳು. ನಿಮ್ಮ ಭಾವ ಅಂದ್ಬಿಟ್ರು, ಎಷ್ಟಾದ್ರೂ ಆಗ್ಲಿ, ಹೊರಗೆ ಬಿಡ್ಬೇಡ ಅಂತ. ಸುನೀಲನೇ ಬೆಳಗ್ಗೆಯಿಂದ ಕೂಗ್ತಾ ಕೂತಿದಾನೆ."

ಸರಳಾ ಪರದೆಯ ಕಡೆ ತಿರುಗಿದಳು. ಆ ಅಕ್ಷರ ಅಂಕಿಯ ಗುರುತು ಸುನೀಲ! ಆ ತೊಟ್ಟಿಲಿನಲ್ಲೇ ಮಲಗಿ ಬೆಳೆದ ಹುಡುಗ. ಧನಲಕ್ಷ್ಮಿಯ ಮಗಳು ಈಗ ತುಂಬಿದ ಬಸುರಿ, ಮುಂದಿನ ವಾರವೋ ಆಮೇಲಿನ ವಾರವೋ ಹೆರಿಗೆ. ಬಂದರು, ಕೊನೆಗೂ ಬಂದರು! ಕೇಳುವುದಕ್ಕೆ ಬಾಯಿ ಬರದೆ ದುಡ್ಡಿನ ದಾರಿಯಲ್ಲಿ ಬಂದರು, ಬರಲಿ, ಅದಕ್ಕೇನು. ಅವಳಿಗೆ ಓರಗಿತ್ತಿಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ದುಡ್ಡು ಯಾಕಕ್ಕಾ, ಒಂದು ಮಾತು ಕೇಳಿ ಸಾಕು, ಅಕ್ಕಿ ಬೆಲ್ಲ ಕಾಯಿ ಇಟ್ಟು ನಾನೇ ಹೊತ್ತು ತರುತ್ತೇನೆ. ಇಷ್ಟನ್ನೂ ಒಳಗೇ ಆಡಿಕೊಂಡು, ಮೇಲೆ ಮಾತ್ರ, "ಹಂಗಾದ್ರೆ ಮಗಳ ಕೂಸಿಗೆ ಇದ್ರಲ್ಲೇ ನಾಮಕರಣ ಮಾಡ್ತೀರಾ?" ಎಂದಳು.

"ಅಯ್ಯೋ, ಬಿಡ್ತು ಅನ್ನು!" ಎಂದಳು ಧನಲಕ್ಷ್ಮಿ.

ಅಂದ ಮೇಲೆ ಅವಳಿಗೇ ತಿಳಿಯಿತು. ಮುಖ ಕಪ್ಪಿಟ್ಟಿತು. ಸೆರಗಿನ ಗಾಳಿ ನಿಂತಿತು. "ಅಲ್ಲ ಕಣೆ, ಹಂಗಲ್ಲ. ಅವಳಿಗೆ ಆಗ್ಲೇ ಸ್ಟೀಲಿಂದು ತಂದಾಗಿದೆ. ಇದು ನಮ್ಮ ಅಟ್ಟದ ಮೇಲೆ ಇರ್ಲಿ ಅಂತ ಅಷ್ಟೆ. ಮನೇದು ಮನೇಲಿರಲಿ ಅಂತ." ಅವಳು ಕೆಟ್ಟವಳೇನಲ್ಲ. ಆಸ್ಪತ್ರೆಯಲ್ಲಿ ಸರಳಾಳ ತಲೆ ಬಾಚಿ ಜಡೆ ಹಾಕಿದವಳು ಇದೇ ಧನಲಕ್ಷ್ಮಿ. ತಾನು ಅಂದು ನಗುತ್ತಾ ಕೊಟ್ಟದ್ದು ಅವಳ ಎದೆಯಲ್ಲೂ ಮುಳ್ಳಾಗಿ ಇದ್ದಿರಬಹುದು, ಯಾರು ಕಂಡರು? ಆದರೆ ಆ ಎರಡು ಮಾತು ಬಂದದ್ದು ಬಾಯಿಂದಲ್ಲ, ಹೊಟ್ಟೆಯ ಆಳದಿಂದ. ಬಂದ ಮೇಲೆ ಅದನ್ನು ಒಳಗೆ ತಳ್ಳುವುದಕ್ಕೆ ಯಾರಿಂದಲೂ ಆಗುವುದಿಲ್ಲ. "ಕಾಫಿ ತರಿಸ್ಲಾ ಅಕ್ಕಾ?" ಎಂದಳು ಸರಳಾ. "ಬೇಡಮ್ಮ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಧನಲಕ್ಷ್ಮಿ ಎದ್ದು ಹೋದಳು.

ಪರದೆಯ ಮೇಲೆ ಸುನೀಲನ ಕೂಗು ಹನ್ನೊಂದಕ್ಕೆ ಏರಿತ್ತು. ಮರ್ಯಾದೆಗೆ ಹನ್ನೊಂದು ಸಾವಿರ ಸುರಿಯಬಲ್ಲರು, ಎರಡು ಬೀದಿ ನಡೆದು ಬಂದು ಒಂದು ಮಾತು ಕೇಳಲಾರರು. ಸರಳಾಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಷ್ಟು ವರ್ಷ ತಾನು ಅನುಮಾನ ಎಂದುಕೊಂಡದ್ದು ಅನುಮಾನವಾಗಿರಲಿಲ್ಲ, ಅಷ್ಟೆ. ಪಾಯಸದ ಪಾತ್ರೆ, ಮೆತ್ತಗಿನ ದನಿಗಳು, ಎಲ್ಲ ನಿಜವೇ. ಆಗ ಅವಳಿಗೆ ಜೈನಾಬಳ ತಾಯಿ ಗಾಳಿಯಲ್ಲಿ ನೆಟಿಗೆ ಮುರಿದದ್ದು ನೆನಪಾಯಿತು. ಇವರಾದರೂ ಗೊತ್ತಿದ್ದು ಬೇಡ ಎಂದರು. ಜೈನಾಬಳಿಗೆ ನಾನು ನಿಜ ಮುಚ್ಚಿಟ್ಟು ಬೇಕು ಅನ್ನಿಸಿದ್ದೇನೆ. ನಾಳೆ ಆ ಹುಡುಗಿಗೆ ಏನಾದರೂ ಹೆಚ್ಚುಕಡಿಮೆಯಾದರೆ? ಆಗದಿದ್ದರೂ ಏನಂತೆ! ಅವಳು ಕೇಳುತ್ತಿರುವುದು ಏಳನೇ ಕ್ಲಾಸಿನ ಒಬ್ಬ ತುಂಟ ಹುಡುಗನ ತೊಟ್ಟಿಲು. ಅಂಥ ತೊಟ್ಟಿಲು ಎಲ್ಲೂ ಇಲ್ಲ. ನಿಜ ಹೇಳಿದರೆ ಬಾಯಿಬಿಟ್ಟು ಕೇಳಿದ ಒಬ್ಬಳೂ ಹೋಗುತ್ತಾಳೆ. ಫೋನು ಕೈಯಲ್ಲಿ ಹಿಡಿದು ಅವಳು ಜೆರಾಕ್ಸ್ ಮಿಶಿನ್ನಿನ ಬಿಸಿಗೆ ಬೆನ್ನು ಕೊಟ್ಟು ನಿಂತಳು.

"ಜೈನಾಬ್, ಒಂದು ವಿಷಯ ಹೇಳ್ಬೇಕಿತ್ತು. ಆ ತೊಟ್ಲಲ್ಲಿ ನನ್ನ ಮಗು ಮಲಗ್ಲಿಲ್ಲಮ್ಮ. ನಂಗೆ ಮಗ ಇಲ್ಲ. ಒಂದು ಹೆಣ್ಣು ಕೂಸು, ಹೊಟ್ಟೇಲೇ ಹೋಯ್ತು. ತೊಟ್ಲು ಮುಂಚೇನೇ ತಂದಿಟ್ಟಿದ್ದೆ. ಆಮೇಲೆ ಯಾರೂ ಮಲಗ್ಲಿಲ್ಲ ಅದ್ರಲ್ಲಿ."

ಆ ಕಡೆ ಮಿಕ್ಸಿ ತಿರುಗುವ ಸದ್ದು, ಯಾರೋ ಅದನ್ನು ನಿಲ್ಲಿಸಿದ್ದು, ಆಮೇಲೆ ಬರೀ ಉಸಿರು. ಆ ಉಸಿರಿನ ಜೊತೆ ಸರಳಾ ಕಾದಳು. ಅಯ್ಯೋ ಪಾಪ ಎನ್ನಬಹುದು. ಸುಳ್ಳು ಹೇಳಿದಿರಾ ಎಂದು ಬೈಯಬಹುದು. ಪರವಾಗಿಲ್ಲ ಅಕ್ಕಾ, ನಾನು ತಗೋತೀನಿ ಎನ್ನಬಹುದು. ಅದನ್ನು ಅವಳು ನೆನೆಯಲೇಬಾರದೆಂದುಕೊಂಡರೂ ನೆನೆದಳು.

"ಯಾಕೆ ಹೇಳಿದ್ರಿ ಅಕ್ಕಾ?" ಜೈನಾಬ್ ಅಳುತ್ತಿದ್ದಳು. "ಹೇಳ್ದೇ ಇದ್ದಿದ್ರೆ ಹೆಂಗಾದ್ರೂ ಮಾಡಿ ತಗೊಂಡ್ಬಿಡ್ತಿದ್ದೆ ನಾನು. ಈಗ ನಂಗೆ ಭಯ ಆಗುತ್ತೆ. ಸಾರಿ ಅಕ್ಕಾ."

"ಅದಕ್ಕೇ ಹೇಳ್ದೆ ಕಣಮ್ಮ. ಅಳ್ಬೇಡ, ಈ ಟೈಮಲ್ಲಿ ಅಳ್ಬಾರ್ದು. ಆರೋಗ್ಯ ನೋಡ್ಕೋ" ಎಂದಳು ಸರಳಾ. ಫೋನು ಇಟ್ಟ ಮೇಲೆ ಇಬ್ಬರು ಕಾಲೇಜು ಹುಡುಗರು ಬಂದು ಪ್ರಾಜೆಕ್ಟಿಗೆ ಸ್ಪೈರಲ್ ಬೈಂಡಿಂಗ್ ಕೇಳಿದರು. ತೂತು ಹೊಡೆದು ಸುರುಳಿ ತೂರಿಸಿಕೊಟ್ಟಳು, ಚಿಲ್ಲರೆ ಕೊಟ್ಟಳು. ಐದಕ್ಕೆ ಪುಟ ತಾನಾಗಿ ಬದಲಾಯಿತು: ರಿಸರ್ವ್ ಮುಟ್ಟಲಿಲ್ಲ, ವಸ್ತು ಮಾರಾಟವಾಗಿಲ್ಲ, ಮತ್ತೆ ಇಡುತ್ತೀರಾ? ಅವಳು ಬೇಡ ಎಂಬುದನ್ನು ಒತ್ತಿದಳು. ಧನಲಕ್ಷ್ಮಿಯ ಮನೆಯಿಂದ ಫೋನ್ ಬಂತು. ಬಡಿದುಕೊಳ್ಳಲಿ ಎಂದು ಬಿಟ್ಟಳು. ಶಟರ್ ಎಳೆದು, ಕೆರೆಯ ಬದಿಯ ದಾರಿ ಹಿಡಿದು ಮನೆಗೆ ನಡೆಯುವಾಗ ಅವಳಿಗೆ ಯಾರ ಮೇಲೂ ದೂರಿರಲಿಲ್ಲ. ಈ ಊರಿನಲ್ಲಿ ತಾನೊಬ್ಬಳೇ ಇದ್ದೇನೆ ಎನ್ನಿಸಿತು. ಅದು ಹೊಸತೇನಲ್ಲ. ಆದರೆ ಇವತ್ತು ಅದಕ್ಕೆ ಸಾಕ್ಷಿ ಸಿಕ್ಕಿತ್ತು.

ವಾಸು ಆಗಲೇ ಬಂದಿದ್ದ. ಕೈಕಾಲು ತೊಳೆದು, ದೀಪ ಹಾಕದೆ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ, ತೊಟ್ಟಿಲಿಗೆ ಎದುರಾಗಿ. ಅವಳು ಚಪ್ಪಲಿ ಬಿಡುತ್ತಿರುವಾಗಲೇ, "ಹೋಯ್ತಾ?" ಎಂದು ಕೇಳಿದ.

"ಇಲ್ಲ."

ಅವನು ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಬೇಸರವೋ ಏನೋ ತಿಳಿಯಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಡಬೇಕೆಂದುಕೊಂಡವಳು ಬಾಗಿಲ ಹತ್ತಿರವೇ ನಿಂತಳು.

"ಯಾರೂ ಕೂಗ್ಲಿಲ್ವಾ?"

"ಕೂಗಿದ್ರು. ನಾನಿಟ್ಟಿದ್ದ ಬೆಲೆಗೆ ಬರ್ಲಿಲ್ಲ. ಅಷ್ಟು ಬರ್ದೇ ಇದ್ರೆ ಮಾರಾಟ ಆಗಲ್ಲ, ಹಂಗೊಂದು ರೂಲ್ಸಿದೆ."

"ಎಷ್ಟಿಟ್ಟಿದ್ದೆ?"

ಇದನ್ನು ಅವನಿಗೆ ಹೇಳಬೇಕಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಹೇಳಿದರೆ ನಗುತ್ತಾನೆ. ಇಲ್ಲವೇ ತಲೆ ನೆಟ್ಟಗಿದೆಯಾ ಎಂದು ಕೇಳುತ್ತಾನೆ. ಮಾರುವ ಮನಸ್ಸೇ ಇಲ್ಲದೆ ಊರಿಗೆಲ್ಲ ತೋರಿಸಿ ಯಾಕೆ ಕೂತೆ ಎಂದೂ ಕೇಳಬಹುದು. ಗೋಡೆ ನೋಡುತ್ತಾ, "ಒಂದು ಲಕ್ಷ" ಎಂದಳು.

ವಾಸು ನಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ತೊಟ್ಟಿಲಿನ ಅಂಚು ಹಿಡಿದುಕೊಂಡ. ಕತ್ತಲಾಗುತ್ತಿದ್ದ ಆ ಕೋಣೆಯಲ್ಲಿ ಅವನ ಮುಖ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಕಮ್ಮಿ ಇಟ್ಟೆ ಕಣೆ," ಎಂದ.